ಮಗುವನ್ನು ಅಳೆಯಲು ಒಂದೇ ಅಳತೆಗೋಲು ಸಾಲದು



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದು ಮಾತ್ರ ಎಂಬ ಭಾವನೆ ಅನೇಕರಲ್ಲಿದೆ. ಹುಟ್ಟಿದ ಪ್ರತಿಯೊಂದು ಮಗುವೂ ತನ್ನ ಶಕ್ತಿಗೆ ತಕ್ಕಂತೆ ಬೆಳೆಯುವ ಹಾಗೆ ನೋಡಿಕೊಳ್ಳುವುದೂ ಕುಟುಂಬ ಕಲ್ಯಾಣವೇ ಆಗಿದೆ. ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಕೆಲವು ಮಕ್ಕಳು ತಡವಾಗಿ ನಡೆಯುತ್ತಾರೆ, ತಡವಾಗಿ ಮಾತು ಕಲಿಯುತ್ತಾರೆ; ಶಾಲೆಗೆ ಸೇರಿದ ಮೇಲೆ ಪಾಠವನ್ನು ಗ್ರಹಿಸಲು ಬಹಳ ಕಷ್ಟಪಡುತ್ತಾರೆ. ಇಂತಹ ಮಕ್ಕಳನ್ನು ಹಿಂದೆ ಬುದ್ಧಿಮಾಂದ್ಯರೆಂದು ಕರೆಯುತ್ತಿದ್ದರು. ಈಗ ಬೌದ್ಧಿಕ ಅಸಾಮರ್ಥ್ಯವುಳ್ಳ ಮಕ್ಕಳು ಎನ್ನುತ್ತೇವೆ. ಈ ಮಕ್ಕಳನ್ನು ವೈದ್ಯರು, ಮನಶ್ಶಾಸ್ತ್ರಜ್ಞರು ಮತ್ತು ವಿಶೇಷ ಶಿಕ್ಷಕರು ಬೇರೆ ಬೇರೆ ಬಗೆಯಲ್ಲಿ ಪರೀಕ್ಷಿಸುತ್ತಾರೆ. ಈ ಪರೀಕ್ಷೆಗಳು ಯಾವುವು, ಯಾವುದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಇಂದು ನಿಮ್ಮ ಮುಂದೆ ಇಡಲು ಇಚ್ಛಿಸುತ್ತೇನೆ.

ಈ ವಿಷಯವನ್ನು ಆರಿಸಿಕೊಳ್ಳಲು ಒಂದು ಕಾರಣವಿದೆ. ನಾನು ಸರ್ಕಾರಿ ಸೇವೆಗೆ ಸೇರಿದ ಹೊಸತರಲ್ಲಿ ದಂಪತಿಗಳೊಬ್ಬರು ತಮ್ಮ ಎಂಟು ವರ್ಷದ ಮಗನನ್ನು ಆರೋಗ್ಯ ಕೇಂದ್ರಕ್ಕೆ ಕರೆತಂದರು. ಹುಡುಗನು ಮೂರನೆಯ ತರಗತಿಯಲ್ಲಿದ್ದರೂ ಅವನಿಗೆ ಒಂದು ಅಕ್ಷರವೂ ಬರುತ್ತಿರಲಿಲ್ಲ. ನಾನು ಚೀಟಿ ಬರೆದು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆ. ಅಲ್ಲಿ ಪರೀಕ್ಷೆ ನಡೆದು, ಶೇ. 75 ಬೌದ್ಧಿಕ ಅಸಾಮರ್ಥ್ಯವೆಂಬ ಪ್ರಮಾಣ ಪತ್ರ ದೊರೆಯಿತು. ಮಾಸಾಶನವೂ ಮಂಜೂರಾಯಿತು. ನನ್ನ ಕೆಲಸ ಮುಗಿಯಿತೆಂದು ನಾನು ಭಾವಿಸಿದೆ.

ಒಂದು ವರ್ಷದ ನಂತರ ಲಸಿಕೆ ಹಾಕುವ ದಿನ ಆ ಊರಿಗೆ ಹೋದಾಗ, ಶಾಲೆಯ ಹೊತ್ತಿನಲ್ಲಿ ಆ ಹುಡುಗನು ಮನೆಯ ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದನು. ಏಕೆ ಶಾಲೆಗೆ ಕಳುಹಿಸಿಲ್ಲವೆಂದು ತಂದೆಯನ್ನು ಕೇಳಿದೆ. ಆತ ಹೇಳಿದರು: “ನೂರಕ್ಕೆ ಎಪ್ಪತ್ತೈದು ಬುದ್ಧಿ ಇಲ್ಲ ಅಂತ ನೀವೇ ಬರೆಸಿಕೊಟ್ಟಿದ್ದೀರಲ್ಲ ಸಾರ್. ಮಿಕ್ಕ ಇಪ್ಪತ್ತೈದು ಇಟ್ಕೊಂಡು ಶಾಲೆಗೆ ಹೋಗಿ ಏನು ಮಾಡ್ತಾನೆ?”

ಒಳಗಿನಿಂದ ತಾಯಿ ಹೊಸ್ತಿಲವರೆಗೆ ಬಂದು ಮೆಲ್ಲನೆ ಹೇಳಿದರು: “ಹಂಗೇನೂ ಇಲ್ಲ ಸಾರ್. ಸಂಜೆ ಮೇಕೆ ಕೊಟ್ಟಿಗೆಗೆ ಬಂದಾಗ ಐದರಲ್ಲಿ ಒಂದು ಕಮ್ಮಿ ಇದ್ರೂ ಇವನು ಬಾಗಿಲು ಹಾಕೋಕೆ ಬಿಡಲ್ಲ. ಅದು ಬರೋವರೆಗೂ ಅಲ್ಲೇ ನಿಂತಿರ್ತಾನೆ.”

ಪ್ರಮಾಣ ಪತ್ರವು ಸುಳ್ಳಾಗಿರಲಿಲ್ಲ. ತಾಯಿಯ ಮಾತೂ ಸುಳ್ಳಾಗಿರಲಿಲ್ಲ. ಆ ಕಾಗದದ ಅರ್ಥವನ್ನು ದಂಪತಿಗಳಿಗೆ ಬಿಡಿಸಿ ಹೇಳುವ ಕರ್ತವ್ಯ ನನ್ನದಾಗಿತ್ತು. ಅದನ್ನು ನಾನು ಮಾಡಿರಲಿಲ್ಲ. ಆದ್ದರಿಂದ ಹುಡುಗನ ಒಂದು ವರ್ಷದ ಕಲಿಕೆ ನಷ್ಟವಾಯಿತು. ನಿಮ್ಮಲ್ಲಿ ಯಾರಿಗೂ ಹಾಗಾಗಬಾರದೆಂಬುದೇ ಈ ಮಾತುಗಳ ಉದ್ದೇಶ.

ಶೇಕಡಾ ಎಂದರೇನು?

ಪ್ರಮಾಣ ಪತ್ರದಲ್ಲಿರುವ ಶೇಕಡಾ ಮಗುವಿನ ತಲೆಯಲ್ಲಿ ಬುದ್ಧಿ ಎಷ್ಟು ಉಳಿದಿದೆ ಎಂಬುದರ ಲೆಕ್ಕವಲ್ಲ. ಅಸಾಮರ್ಥ್ಯವು ಅಲ್ಪವೋ, ಮಧ್ಯಮವೋ, ತೀವ್ರವೋ ಎಂದು ಮೊದಲು ನಿರ್ಧರಿಸುತ್ತಾರೆ. ಒಂದೊಂದು ಮಟ್ಟಕ್ಕೆ ಒಂದೊಂದು ಶೇಕಡಾ ಎಂದು ಸರ್ಕಾರದ ನಿಯಮದಲ್ಲಿ ಗೊತ್ತುಪಡಿಸಲಾಗಿದೆ. ಯಾರಿಗೆ ಯಾವ ಸವಲತ್ತು ದೊರೆಯಬೇಕೆಂಬುದನ್ನು ತೀರ್ಮಾನಿಸಲು ಈ ಏರ್ಪಾಡು. ಬಸ್ ಪಾಸು, ಮಾಸಾಶನ, ವಿದ್ಯಾರ್ಥಿವೇತನ ಮುಂತಾದವುಗಳಿಗೆ ಈ ಪತ್ರ ಅಗತ್ಯ. ಅದನ್ನು ಅವಶ್ಯವಾಗಿ ಪಡೆಯಿರಿ. ಆದರೆ ಈ ಮಗು ನಾಳೆ ಏನನ್ನು ಕಲಿಯಬಲ್ಲದು, ಯಾವ ರೀತಿ ಕಲಿಸಬೇಕು ಎಂಬ ಪ್ರಶ್ನೆಗೆ ಆ ಪತ್ರದಲ್ಲಿ ಉತ್ತರವಿಲ್ಲ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಶೇ. 40 ಮತ್ತು ಅದಕ್ಕಿಂತ ಹೆಚ್ಚು ಅಸಾಮರ್ಥ್ಯವುಳ್ಳ 6ರಿಂದ 18 ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಸಮೀಪದ ಶಾಲೆಗಾಗಲಿ, ವಿಶೇಷ ಶಾಲೆಗಾಗಲಿ ಮಗುವನ್ನು ಸೇರಿಸಬಹುದು. ಶೇಕಡಾ ಹೆಚ್ಚಿದೆಯೆಂಬುದು ಶಾಲೆ ಬಿಡಿಸಲು ಕಾರಣವಲ್ಲ. ಕಲಿಕೆಗೆ ಹೆಚ್ಚಿನ ನೆರವು ಬೇಕೆಂಬುದಕ್ಕೆ ಕಾರಣ.

ಮೊದಲು ಕಣ್ಣು, ಕಿವಿ ಮತ್ತು ದೇಹ

ಮಗುವಿನ ಬುದ್ಧಿಯನ್ನು ಅಳೆಯುವುದಕ್ಕೆ ಮೊದಲು ಅದಕ್ಕೆ ಸರಿಯಾಗಿ ಕಾಣುತ್ತದೆಯೇ, ಕೇಳುತ್ತದೆಯೇ ಎಂಬುದನ್ನು ತಿಳಿಯಬೇಕು. ಪ್ರಶ್ನೆಯೇ ಕಿವಿಗೆ ಬೀಳದ ಮಗು ಉತ್ತರ ಕೊಡುವುದು ಹೇಗೆ? ಥೈರಾಯ್ಡ್ ಗ್ರಂಥಿಯ ರಸ ಕಡಿಮೆಯಾದರೆ ಮಗು ಮಂಕಾಗುತ್ತದೆ. ರಕ್ತಹೀನತೆಯಿರುವ ಮಗುವಿಗೆ ಗಮನ ನಿಲ್ಲುವುದಿಲ್ಲ. ಕೆಲವು ಮಕ್ಕಳಿಗೆ ಮೂರ್ಛೆರೋಗವು ಕೈಕಾಲು ಸೆಳೆಯುವ ರೂಪದಲ್ಲಿ ಬಾರದೆ, ಕೆಲವು ಕ್ಷಣ ದಿಟ್ಟಿಸಿ ಮೈಮರೆಯುವ ರೂಪದಲ್ಲಿ ಬರುವುದುಂಟು. ಇವೆಲ್ಲಕ್ಕೂ ಚಿಕಿತ್ಸೆಯಿದೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರಲ್ಲಿ ಆರಂಭವಾಯಿತು. ಅದರ ವೈದ್ಯ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಭೇಟಿ ಕೊಡಬೇಕೆಂಬ ನಿಯಮವಿದೆ. ಈ ತಪಾಸಣೆಯಿಂದ ರೋಗದ ಹೆಸರು ನಿಶ್ಚಯವಾಗುವುದಿಲ್ಲ. ಹೆಚ್ಚಿನ ಪರೀಕ್ಷೆ ಯಾರಿಗೆ ಬೇಕೆಂಬುದು ಮಾತ್ರ ತಿಳಿಯುತ್ತದೆ. ಅಂತಹ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸಲಾಗುತ್ತದೆ. ಮೂರು ತಿಂಗಳು ಮುಗಿದರೂ ಮುಖ ನೋಡಿ ನಗದಿರುವುದು, ಐದು ತಿಂಗಳಾದರೂ ಕುತ್ತಿಗೆ ನಿಲ್ಲದಿರುವುದು, ಒಂದೂವರೆ ವರ್ಷವಾದರೂ ನಡೆಯದಿರುವುದು, ಎರಡು ವರ್ಷವಾದರೂ ಎರಡು ಪದಗಳನ್ನು ಜೋಡಿಸಿ ಹೇಳದಿರುವುದು ಕಂಡುಬಂದಲ್ಲಿ ತಂಡ ಬರುವವರೆಗೆ ಕಾಯದೆ ಆರೋಗ್ಯ ಕೇಂದ್ರಕ್ಕೆ ಬನ್ನಿ. “ಇವರಪ್ಪನೂ ತಡವಾಗಿಯೇ ಮಾತಾಡಿದ್ದು” ಎಂಬ ಹಿರಿಯರ ಸಮಾಧಾನದ ಮಾತಿನಲ್ಲಿ ಅಮೂಲ್ಯವಾದ ವರ್ಷಗಳು ಕಳೆದುಹೋಗಬಾರದು.

ಮೇಕೆಗಳ ಹುಡುಗನ ಬಲಕಿವಿ ಮಳೆಗಾಲವೆಲ್ಲ ಸೋರುತ್ತಿತ್ತು. ಅದನ್ನು ನಾನು ನೋಡಿದ್ದು ಎರಡನೆಯ ಭೇಟಿಯಲ್ಲಿ. ಕಿವಿಗೆ ಚಿಕಿತ್ಸೆಯಾದ ಮೇಲೆ ಅವನ ಅಸಾಮರ್ಥ್ಯವೇನೂ ಮಾಯವಾಗಲಿಲ್ಲ. ಆದರೆ ಕರೆದರೆ ತಿರುಗಿ ನೋಡುವುದು ಹೆಚ್ಚಾಯಿತು.

ಬುದ್ಧಿಯ ಪರೀಕ್ಷೆ

ಎರಡನೆಯದು ಮನಶ್ಶಾಸ್ತ್ರಜ್ಞರು ನಡೆಸುವ ಬುದ್ಧಿಪರೀಕ್ಷೆ. ಇದರ ಫಲವನ್ನು ಬುದ್ಧಿ ಸೂಚ್ಯಂಕ ಅಥವಾ ಐ.ಕ್ಯೂ. ಎನ್ನುತ್ತಾರೆ. ಫ್ರಾನ್ಸ್ ದೇಶದ ಆಲ್ಫ್ರೆಡ್ ಬಿನೆ ಎಂಬುವರು ತಮ್ಮ ಸಹೋದ್ಯೋಗಿ ಸೀಮೋನ್ ಅವರೊಡನೆ 1905ರಲ್ಲಿ ಇಂತಹ ಮೊದಲ ಪರೀಕ್ಷೆಯನ್ನು ಸಿದ್ಧಪಡಿಸಿದರು. ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದು ಅವರ ಉದ್ದೇಶವಾಗಿತ್ತು. ಬುದ್ಧಿಯು ಹುಟ್ಟಿನೊಡನೆ ಅಚ್ಚೊತ್ತಿದಂತೆ ನಿಂತುಬಿಡುವುದೆಂಬ ಮಾತನ್ನು ಸ್ವತಃ ಬಿನೆಯವರೇ ಒಪ್ಪಲಿಲ್ಲ. 1930ರ ದಶಕದಲ್ಲಿ ವಿ. ವಿ. ಕಾಮತರು ಈ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರು ಇಂದಿಗೂ ವರದಿಗಳಲ್ಲಿ ಕಾಣುತ್ತದೆ. ಮಾತು ಕಡಿಮೆಯಿರುವ ಮಕ್ಕಳಿಗೆ ಹತ್ತು ಬೇರೆ ಬೇರೆ ಆಕಾರದ ಮರದ ತುಂಡುಗಳನ್ನು ಅವುಗಳ ಕುಳಿಗಳಲ್ಲಿ ಕೂರಿಸುವ ಪರೀಕ್ಷೆಯೂ ಇದೆ.

ಅದೇ ವಯಸ್ಸಿನ ಇತರ ಮಕ್ಕಳೊಡನೆ ಹೋಲಿಸಿದರೆ ನಮ್ಮ ಮಗು ಎಲ್ಲಿ ನಿಂತಿದೆ ಎಂಬುದು ಈ ಪರೀಕ್ಷೆಯಿಂದ ತಿಳಿಯುತ್ತದೆ. ಆದರೆ ಮಗು ಹಸಿದಿದ್ದರೆ, ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಬಂದಿದ್ದರೆ, ಹೊಸಬರ ಮುಖ ಕಂಡು ಹೆದರಿದ್ದರೆ ಅಂಕ ಕಡಿಮೆ ಬರಬಹುದು. ಮನೆಯಲ್ಲಿ ತುಳು, ಉರ್ದು, ಲಂಬಾಣಿ, ತೆಲುಗು ಆಡುವ ಮಗುವನ್ನು ಕನ್ನಡದಲ್ಲಿ ಮಾತ್ರ ಪ್ರಶ್ನಿಸಿದರೂ ಹಾಗೆಯೇ ಆಗಬಹುದು. ಆದುದರಿಂದ ಮನೆಮಾತು ಯಾವುದೆಂಬುದನ್ನು ಪರೀಕ್ಷಿಸುವವರಿಗೆ ಮೊದಲೇ ತಿಳಿಸಿರಿ.

ನಿತ್ಯಜೀವನದ ಪರೀಕ್ಷೆ

ಮೂರನೆಯದರಲ್ಲಿ ಮಗುವನ್ನಷ್ಟೇ ಅಲ್ಲ, ನಿಮ್ಮನ್ನೂ ಪ್ರಶ್ನಿಸುತ್ತಾರೆ. ಅಮೆರಿಕದ ವೈನ್‌ಲ್ಯಾಂಡ್ ಎಂಬ ಊರಿನ ತರಬೇತಿ ಶಾಲೆಯಲ್ಲಿ ಎಡ್ಗರ್ ಡಾಲ್ ಅವರು 1930ರ ದಶಕದಲ್ಲಿ ಒಂದು ಮಾಪನವನ್ನು ರೂಪಿಸಿದರು. ಅದನ್ನು ನಮ್ಮ ದೇಶಕ್ಕೆ ಹೊಂದಿಸಿದವರು ಎ. ಜೆ. ಮಾಲಿನ್. ಹುಟ್ಟಿನಿಂದ 15 ವರ್ಷದವರೆಗಿನ 89 ಅಂಶಗಳು ಇದರಲ್ಲಿವೆ. ಮಗು ತಾನೇ ಉಣ್ಣುವುದೇ, ಬಟ್ಟೆ ತೊಡುವುದೇ, ಬಹಿರ್ದೆಸೆಗೆ ಹೋಗಬೇಕೆಂದು ತಿಳಿಸುವುದೇ, ಇತರ ಮಕ್ಕಳೊಡನೆ ಆಡುವುದೇ, ಅಂಗಡಿಗೆ ಹೋಗಿ ಬರುವುದೇ ಎಂಬಂತಹ ಪ್ರಶ್ನೆಗಳನ್ನು ಕೇಳುತ್ತಾರೆ.

ಇಲ್ಲಿ ನಿಮ್ಮ ಉತ್ತರವೇ ಆಧಾರ. ಮಾಸಾಶನ ತಪ್ಪೀತೆಂಬ ಅಂಜಿಕೆಯಿಂದ ಮಗುವಿಗೆ ಬರುವುದನ್ನೂ ಬರುವುದಿಲ್ಲವೆಂದು ಕೆಲವರು ಹೇಳುತ್ತಾರೆ. ನಾಚಿಕೆಯಿಂದ ಬಾರದುದನ್ನು ಬರುತ್ತದೆಂದು ಹೇಳುವವರೂ ಇದ್ದಾರೆ. ಎರಡರಿಂದಲೂ ನಷ್ಟವಾಗುವುದು ಮಗುವಿಗೆ. ಮೊದಲನೆಯವರ ಮಗುವಿಗೆ ಬರುವುದನ್ನೇ ಮತ್ತೆ ಕಲಿಸುತ್ತಾರೆ. ಎರಡನೆಯವರ ಮಗುವಿಗೆ ಎಟುಕದುದನ್ನು ಕಲಿಸಲು ಹೊರಡುತ್ತಾರೆ. ಇದ್ದುದನ್ನು ಇದ್ದಂತೆ ಹೇಳಿರಿ.

ವಿಶೇಷ ತರಗತಿಯ ಪರೀಕ್ಷೆಗಳು

ಇಲ್ಲಿಯವರೆಗೆ ಹೇಳಿದವು ಆಸ್ಪತ್ರೆಯಲ್ಲಿ ನಡೆಯುವಂಥವು. ಇನ್ನು ಮುಂದಿನವು ತರಗತಿಯಲ್ಲಿ ನಡೆಯುವಂಥವು. ಮೇಕೆಗಳ ಹುಡುಗನನ್ನು ತಾಲ್ಲೂಕು ಕೇಂದ್ರದ ಒಂದು ವಿಶೇಷ ಶಾಲೆಗೆ ಸೇರಿಸಲು ದಂಪತಿಗಳು ಒಪ್ಪಿದರು. ಎಂಟು ಮಕ್ಕಳ ತರಗತಿ. ಒಬ್ಬ ವಿಶೇಷ ಶಿಕ್ಷಕಿ. ಅವರು ಪ್ರಮಾಣ ಪತ್ರವನ್ನು ಒಮ್ಮೆ ನೋಡಿ ಕಡತದಲ್ಲಿಟ್ಟರು. ಆಮೇಲೆ ಒಂದು ಉದ್ದನೆಯ ಪಟ್ಟಿಯನ್ನು ತೆಗೆದರು.

ಇಂತಹ ಪಟ್ಟಿಗಳು ನಮ್ಮ ದೇಶದಲ್ಲಿಯೇ ಸಿದ್ಧವಾಗಿವೆ. ಮದರಾಸಿನಲ್ಲಿ ರೂಪುಗೊಂಡ ಒಂದು ಪಟ್ಟಿಯಲ್ಲಿ 18 ವಿಭಾಗಗಳಿದ್ದು, ಪ್ರತಿಯೊಂದರಲ್ಲಿ 20ರಂತೆ ಒಟ್ಟು 360 ಅಂಶಗಳಿವೆ. ಸುಲಭದಿಂದ ಕಠಿಣದ ಕಡೆಗೆ ಅವನ್ನು ಜೋಡಿಸಿದ್ದಾರೆ. ಸಿಕಂದರಾಬಾದಿನಲ್ಲಿ 1984ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಸಂಸ್ಥೆಯು ಪೂರ್ವ ಪ್ರಾಥಮಿಕ, ಪ್ರಾಥಮಿಕ, ಮಾಧ್ಯಮಿಕ, ವೃತ್ತಿಪೂರ್ವ ಎಂಬ ಹಂತಗಳಿಗೆ ಬೇರೆ ಬೇರೆ ಪಟ್ಟಿಗಳನ್ನು ತಯಾರಿಸಿದೆ. ಇವುಗಳಲ್ಲಿ ಮಗುವನ್ನು ಇತರ ಮಕ್ಕಳೊಡನೆ ಹೋಲಿಸುವುದಿಲ್ಲ. ಈ ಕೆಲಸ ಈ ಮಗುವಿಗೆ ಬರುತ್ತದೆಯೇ, ಇಲ್ಲವೇ ಎಂದಷ್ಟೇ ನೋಡುತ್ತಾರೆ.

“ಬರುವುದಿಲ್ಲ” ಎಂಬ ಒಂದೇ ಮಾತಿನಲ್ಲಿಯೂ ಅನೇಕ ಮೆಟ್ಟಿಲುಗಳಿವೆ ಎಂಬುದನ್ನು ಗಮನಿಸಿರಿ. ತಾನಾಗಿಯೇ ಮಾಡುತ್ತದೆ, ಆಗಾಗ ನೆನಪಿಸಿದರೆ ಮಾಡುತ್ತದೆ, ಬಾಯಿಮಾತಿನಲ್ಲಿ ಹೇಳಿಕೊಟ್ಟರೆ ಮಾಡುತ್ತದೆ, ಕೈಹಿಡಿದು ಮಾಡಿಸಿದರೆ ಮಾಡುತ್ತದೆ, ಸಂಪೂರ್ಣವಾಗಿ ಇತರರನ್ನು ಅವಲಂಬಿಸಿದೆ. ಇದಲ್ಲದೆ ಇನ್ನೂ ಒಂದು ಗುರುತಿದೆ: ಅವಕಾಶವೇ ದೊರೆತಿಲ್ಲ.

ಈ ಕೊನೆಯ ಗುರುತಿನ ಮೇಲೆ ನಿಮ್ಮ ಗಮನವಿರಲಿ. ಮೇಕೆಗಳ ಹುಡುಗನ ಪಟ್ಟಿಯಲ್ಲಿ ಶಿಕ್ಷಕಿ ಹನ್ನೊಂದು ಕಡೆ ಈ ಗುರುತನ್ನು ಹಾಕಿದ್ದರು. ಅಂಗಿಯ ಗುಂಡಿ ಹಾಕುವುದು, ಚೆಂಬಿನಿಂದ ನೀರು ಬಗ್ಗಿಸಿಕೊಳ್ಳುವುದು, ತಟ್ಟೆ ತೊಳೆದಿಡುವುದು ಇವೆಲ್ಲ ಅವನಿಗೆ ಬಾರದ ಕೆಲಸಗಳೆಂದು ಮನೆಯವರು ತಿಳಿದಿದ್ದರು. ವಾಸ್ತವವಾಗಿ ಅವನ ಕೈಗೆ ಅವುಗಳನ್ನು ಯಾರೂ ಕೊಟ್ಟೇ ಇರಲಿಲ್ಲ. ಅಜ್ಜಿಯು ಪ್ರೀತಿಯಿಂದ ಎಲ್ಲವನ್ನೂ ತಾನೇ ಮಾಡುತ್ತಿದ್ದಳು. ಪ್ರೀತಿಯು ತಪ್ಪಲ್ಲ. ಆದರೆ ಮಗು ಮಾಡಬಹುದಾದ ಕೆಲಸವನ್ನು ನಾವು ಮಾಡಿಬಿಟ್ಟರೆ ಅದು ಕಲಿಯುವ ದಾರಿಯನ್ನು ನಾವೇ ಮುಚ್ಚಿದಂತೆ.

ಕೆಲಸವನ್ನು ಬಿಡಿಸಿ ನೋಡುವುದು

ಇನ್ನೊಂದು ಬಗೆಯೆಂದರೆ ಒಂದು ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸಿ, ಮಗು ಯಾವ ಹೆಜ್ಜೆಯಲ್ಲಿ ನಿಲ್ಲುತ್ತದೆಂದು ನೋಡುವುದು. ಊಟಕ್ಕೆ ಮುನ್ನ ಕೈ ತೊಳೆಯುವುದನ್ನು ತೆಗೆದುಕೊಳ್ಳಿ. ತೋಳನ್ನು ಮೇಲೆತ್ತುವುದು, ಕೈಗೆ ನೀರು ಹಾಕಿಕೊಳ್ಳುವುದು, ಸೋಪು ಹಚ್ಚುವುದು, ಎರಡೂ ಕೈ ಉಜ್ಜುವುದು, ನೀರಿನಿಂದ ತೊಳೆಯುವುದು, ಬಟ್ಟೆಯಲ್ಲಿ ಒರೆಸುವುದು ಎಂದು ಆರು ಹೆಜ್ಜೆ. ಈ ಆರರಲ್ಲಿ ನಾಲ್ಕನ್ನು ತಾನೇ ಮಾಡಿ, ಸೋಪು ಹಚ್ಚಿ ಉಜ್ಜುವ ಎರಡರಲ್ಲಿ ಮಾತ್ರ ತಡವರಿಸುವ ಮಗುವಿಗೆ ಕಲಿಸಬೇಕಾದದ್ದು ಆ ಎರಡನ್ನೇ. ಕೈ ತೊಳೆಯಲು ಬರುವುದಿಲ್ಲ ಎಂದರೆ ಏನೂ ತೋಚುವುದಿಲ್ಲ. ಆರರಲ್ಲಿ ನಾಲ್ಕು ಬರುತ್ತದೆ ಎಂದರೆ ಮುಂದಿನ ಕೆಲಸ ಕಣ್ಣಿಗೆ ಕಾಣುತ್ತದೆ. ಈ ಪರೀಕ್ಷೆಯನ್ನು ಮಾಡಲು ಯಾವ ಪದವಿಯೂ ಬೇಕಿಲ್ಲ. ನಿಮ್ಮ ಬಚ್ಚಲಿನಲ್ಲಿಯೇ ಮಾಡಬಹುದು.

ವರ್ತನೆಯನ್ನು ಗಮನಿಸುವುದು

ಅದೇ ತರಗತಿಯಲ್ಲಿ ಒಬ್ಬ ಹುಡುಗಿ ಪ್ರತಿದಿನ ಕಿರುಚಿ ಕೈ ಕಚ್ಚಿಕೊಳ್ಳುತ್ತಿದ್ದಳು. ಮನೆಯವರು ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದ್ದರು. ಶಿಕ್ಷಕಿ ಒಂದು ವಾರ ಮೂರು ಸಂಗತಿಗಳನ್ನು ಬರೆದಿಟ್ಟರು: ಕಿರುಚುವ ಮೊದಲು ಏನಾಯಿತು, ಅವಳು ಏನು ಮಾಡಿದಳು, ಆಮೇಲೆ ಏನಾಯಿತು. ವಾರದ ಕೊನೆಯಲ್ಲಿ ವಿಷಯ ಸ್ಪಷ್ಟವಾಯಿತು. ಸ್ಲೇಟು ಕೊಟ್ಟಾಗ ಕಿರುಚುತ್ತಿದ್ದಳು; ಕಿರುಚಿದೊಡನೆ ಸ್ಲೇಟನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಬೇಡವೆಂದು ಹೇಳಲು ಅವಳಿಗೆ ಬೇರೆ ಮಾತು ತಿಳಿದಿರಲಿಲ್ಲ. ಬರವಣಿಗೆಯ ಹೊತ್ತನ್ನು ಕಡಿಮೆ ಮಾಡಿ, ಸಾಕೆನಿಸಿದಾಗ ಕೈಯೆತ್ತಿ ತೋರಿಸುವುದನ್ನು ಕಲಿಸಿದ ಮೇಲೆ ಕಿರುಚುವುದು ಬಹಳಮಟ್ಟಿಗೆ ಕಡಿಮೆಯಾಯಿತು. ಯಾವ ಅಂಕಪಟ್ಟಿಯಲ್ಲಿಯೂ ಸಿಗದ ಉತ್ತರವು ಒಂದು ವಾರದ ಗಮನದಲ್ಲಿ ಸಿಕ್ಕಿತು.

ದಿನದಿನದ ಪರೀಕ್ಷೆ ಮತ್ತು ವರ್ಷಾಂತ್ಯದ ಪರೀಕ್ಷೆ

ನಿಮ್ಮ ಇತರ ಮಕ್ಕಳ ಪ್ರಗತಿಪತ್ರದಲ್ಲಿ ರೂಪಣಾತ್ಮಕ ಮೌಲ್ಯಮಾಪನ, ಸಂಕಲನಾತ್ಮಕ ಮೌಲ್ಯಮಾಪನ ಎಂಬ ಪದಗಳನ್ನು ನೋಡಿರುತ್ತೀರಿ. ಪೈರು ಬೆಳೆಯುತ್ತಿರುವಾಗ ಹೊಲಕ್ಕೆ ಹೋಗಿ ಎಲೆ ಹಳದಿಯಾಗಿದೆಯೇ, ಹುಳು ಬಿದ್ದಿದೆಯೇ ಎಂದು ನೋಡುವುದು ಮೊದಲನೆಯದರಂತೆ. ಕೊಯ್ದ ಮೇಲೆ ಕಣದಲ್ಲಿ ತೂಕ ಮಾಡುವುದು ಎರಡನೆಯದರಂತೆ. ತೂಕವೂ ಬೇಕು. ಆದರೆ ಹೊಲವನ್ನು ನೋಡದೆ ತೂಕವನ್ನೇ ಕಾಯುವ ರೈತನಿಲ್ಲ. ವಿಶೇಷ ತರಗತಿಯಲ್ಲಿ ದಿನದಿನದ ಪರೀಕ್ಷೆಗೆ ಹೆಚ್ಚಿನ ಸ್ಥಾನ. ಮಗು ಗೀಚಿದ ಹಾಳೆಗಳು, ಪೋಣಿಸಿದ ಮಣಿಸರ, ಬಣ್ಣ ತುಂಬಿದ ಚಿತ್ರ ಇವುಗಳನ್ನು ದಿನಾಂಕ ಬರೆದು ಒಂದು ಚೀಲದಲ್ಲಿ ಕೂಡಿಡುತ್ತಾರೆ. ಜೂನ್ ತಿಂಗಳ ಹಾಳೆಯನ್ನೂ ಡಿಸೆಂಬರ್ ತಿಂಗಳ ಹಾಳೆಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಓದು ಬರಹ ಬಾರದ ತಂದೆತಾಯಿಗಳೂ ಬದಲಾವಣೆಯನ್ನು ಗುರುತಿಸಬಲ್ಲರು.

ಸಾಮಾನ್ಯ ಶಾಲೆಯಲ್ಲಿ ಓದುವ ವಿಕಲಚೇತನ ಮಕ್ಕಳಿಗೆ ವರ್ಷಾಂತ್ಯದ ಪರೀಕ್ಷೆಯಲ್ಲಿಯೂ ಅನುಕೂಲ ಮಾಡಿಕೊಡಬೇಕೆಂದು 2016ರ ಅಧಿನಿಯಮ ಹೇಳುತ್ತದೆ. ಹೆಚ್ಚಿನ ಸಮಯ, ಬರೆದುಕೊಡುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಇವು ಅದರಲ್ಲಿ ಸೇರಿವೆ. ಇದು ದಯೆಯಲ್ಲ, ಹಕ್ಕು. ಮುಖ್ಯೋಪಾಧ್ಯಾಯರನ್ನೂ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನೂ ಪರೀಕ್ಷೆಗೆ ಸಾಕಷ್ಟು ಮೊದಲೇ ವಿಚಾರಿಸಿರಿ.

ಐದು ಮೇಕೆ, ಐದು ಹುಣಸೆ ಬೀಜ

ಇನ್ನು ಮೇಕೆಗಳ ಹುಡುಗನ ಸಂಗತಿಯನ್ನು ಮುಗಿಸುತ್ತೇನೆ. ತಾಯಿ ಹೇಳಿದ ಮಾತನ್ನು ಶಿಕ್ಷಕಿ ಹಗುರವಾಗಿ ತೆಗೆದುಕೊಳ್ಳಲಿಲ್ಲ. ಹಾಗೆಂದು ಪರೀಕ್ಷಿಸದೆ ನಂಬಲೂ ಇಲ್ಲ. ಅವನ ಮುಂದೆ ಐದು ಬೆಣಚುಕಲ್ಲುಗಳನ್ನಿಟ್ಟು, ಮರೆಯಲ್ಲಿ ಒಂದನ್ನು ತೆಗೆದರು. ಹುಡುಗನಿಗೆ ತಿಳಿಯಲಿಲ್ಲ. ಅಂದರೆ ಅವನು ಮೇಕೆಗಳನ್ನು ಎಣಿಸುತ್ತಿರಲಿಲ್ಲ. ಒಂದೊಂದು ಮೇಕೆಯ ಮುಖವೂ ಅವನಿಗೆ ಗೊತ್ತಿತ್ತು. ಬಾರದೆ ಉಳಿದ ಮೇಕೆಯನ್ನು ಅವನು ಹುಡುಕುತ್ತಿದ್ದನು.

ಆಸ್ಪತ್ರೆಯ ಪರೀಕ್ಷೆ ಹೇಳಿದಂತೆ ಅವನಿಗೆ ಎಣಿಕೆ ಬರುತ್ತಿರಲಿಲ್ಲ. ತಾಯಿ ಹೇಳಿದಂತೆ ಅವನಿಗೆ ನೆನಪಿತ್ತು, ಗಮನವಿತ್ತು, ಹೊಣೆಗಾರಿಕೆಯಿತ್ತು. ಈ ಎರಡನ್ನೂ ಸೇರಿಸಿ ಶಿಕ್ಷಕಿ ವೈಯಕ್ತಿಕ ಶಿಕ್ಷಣ ಯೋಜನೆಯನ್ನು ಬರೆದರು. ಮೂರು ತಿಂಗಳಲ್ಲಿ, ಐದು ವಸ್ತುಗಳನ್ನು ಐದು ಸಲ ಕೊಟ್ಟರೆ ನಾಲ್ಕು ಸಲವಾದರೂ ನೆರವಿಲ್ಲದೆ ಸರಿಯಾಗಿ ಎಣಿಸಬೇಕು ಎಂಬುದು ಗುರಿ. ಸಂಜೆ ಮನೆಯಲ್ಲಿ ಒಂದೊಂದು ಮೇಕೆ ಒಳಗೆ ಬಂದಂತೆ ಒಂದೊಂದು ಹುಣಸೆ ಬೀಜವನ್ನು ಬಟ್ಟಲಿಗೆ ಹಾಕಿಸಬೇಕೆಂದು ತಾಯಿಗೆ ಹೇಳಿಕೊಟ್ಟರು. ಬೀಜ ಹಾಕುವಾಗ ತಾಯಿ ಒಂದು, ಎರಡು ಎಂದು ಹೇಳುವರು, ಅವನೂ ಹೇಳಬೇಕು.

ಮೂರು ತಿಂಗಳಲ್ಲಿ ಗುರಿ ಮುಟ್ಟಲಿಲ್ಲ. ಏಳು ತಿಂಗಳು ಹಿಡಿಯಿತು. ಈ ನಡುವೆ ತಂದೆ ಎರಡು ಸಲ ಶಾಲೆ ಬಿಡಿಸುವ ಮಾತನಾಡಿದರು. ಎರಡು ಸಲವೂ ಶಿಕ್ಷಕಿ ತಮ್ಮ ಪುಸ್ತಕವನ್ನು ತೆರೆದು ತೋರಿಸಿದರು. ಮೊದಲ ತಿಂಗಳು ಐದರಲ್ಲಿ ಒಂದು ಸಲವೂ ಸರಿಯಿರಲಿಲ್ಲ. ನಾಲ್ಕನೆಯ ತಿಂಗಳು ಎರಡು ಸಲ ಸರಿಯಾಗಿತ್ತು. ಬರೆದಿಡದಿದ್ದರೆ ಈ ಎರಡು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇಂದು ಆ ಹುಡುಗನು ಮನೆಯಲ್ಲಿ ಊಟಕ್ಕೆ ತಟ್ಟೆ ಹಾಕುತ್ತಾನೆ. ನೆಂಟರು ಬಂದಾಗ ಇನ್ನೆರಡು ತಾ ಎಂದರೆ ಎರಡೇ ತರುತ್ತಾನೆ. ಓದಲು ಅವನಿಗೆ ಬಂದಿಲ್ಲ. ಬರುತ್ತದೆಂದು ನಾನು ಭರವಸೆ ಕೊಡಲಾರೆ. ಪ್ರಮಾಣ ಪತ್ರದಲ್ಲಿ ಈಗಲೂ ಶೇ. 75 ಎಂದೇ ಇದೆ. ಆದರೆ ಅವನು ಜಗಲಿಯ ಮೇಲೆ ಸುಮ್ಮನೆ ಕುಳಿತಿರುವುದಿಲ್ಲ.

ತಂದೆತಾಯಿಗಳು ಮಾಡಬೇಕಾದದ್ದು

ಪರೀಕ್ಷೆಗೆ ಕರೆದೊಯ್ಯುವಾಗ ಈ ಕೆಲವು ಅಂಶಗಳನ್ನು ಗಮನದಲ್ಲಿಡಿ.

1. ಮಗುವಿಗೆ ಹಿಂದಿನ ರಾತ್ರಿ ಚೆನ್ನಾಗಿ ನಿದ್ರೆಯಾಗಿರಲಿ, ಹೊಟ್ಟೆ ತುಂಬಿರಲಿ. ಮೂರ್ಛೆರೋಗದ ಮಾತ್ರೆಯನ್ನು ಆ ದಿನ ನಿಲ್ಲಿಸಬೇಡಿ. ಕನ್ನಡಕ, ಶ್ರವಣಯಂತ್ರವಿದ್ದರೆ ತಪ್ಪದೆ ತನ್ನಿ.

2. ತಾಯಿ ಕಾರ್ಡು, ಹೆರಿಗೆಯ ಕಾಗದಗಳು, ಹಿಂದಿನ ವರದಿಗಳು, ಮಗುವಿನ ಶಾಲೆಯ ಪುಸ್ತಕ ಇವುಗಳನ್ನು ಒಂದೇ ಚೀಲದಲ್ಲಿ ಜೋಡಿಸಿ ತನ್ನಿ.

3. ಮಗುವಿನ ಪರವಾಗಿ ನೀವು ಉತ್ತರ ಹೇಳಬೇಡಿ, ಗದರಿಸಬೇಡಿ. ನಿಮ್ಮನ್ನು ಕೇಳಿದಾಗ ಕಂಡದ್ದನ್ನು ಹೇಳಿರಿ.

4. ಪರೀಕ್ಷೆ ಮುಗಿದ ಮೇಲೆ ಈ ನಾಲ್ಕು ಪ್ರಶ್ನೆಗಳನ್ನು ಕೇಳದೆ ಹಿಂದಿರುಗಬೇಡಿ. ಈ ಪರೀಕ್ಷೆಯಿಂದ ಏನು ತಿಳಿಯಿತು? ಮಗುವಿಗೆ ಈಗ ಏನು ಬರುತ್ತದೆ? ಮುಂದೆ ಕಲಿಸಬೇಕಾದದ್ದು ಯಾವುದು? ಮನೆಯಲ್ಲಿ ನಾವು ಏನು ಮಾಡಬೇಕು? ವೈದ್ಯರು ಅವಸರದಲ್ಲಿದ್ದರೂ ಕೇಳಿರಿ. ಉತ್ತರಿಸುವುದು ನಮ್ಮ ಕರ್ತವ್ಯ.

5. ಒಂದು ನೋಟ್ ಪುಸ್ತಕವಿಟ್ಟು ಮಗು ಹೊಸದಾಗಿ ಮಾಡಿದ್ದನ್ನು ದಿನಾಂಕದೊಡನೆ ಬರೆಯಿರಿ. ಬರೆಯಲು ಬಾರದಿದ್ದರೆ ಹಿರಿಯ ಮಗಳಿಂದಲೋ, ಆಶಾ ಕಾರ್ಯಕರ್ತೆಯಿಂದಲೋ ಬರೆಸಿರಿ.

ವಿಶೇಷ ಶಾಲೆ ದೂರವಾದರೆ ಮಗುವನ್ನು ಮನೆಯಲ್ಲಿರಿಸಬೇಡಿ. ಊರಿನ ಶಾಲೆಗೇ ಕಳುಹಿಸಿರಿ. ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿ ಇಂತಹ ಮಕ್ಕಳಿಗಾಗಿ ನಿಯೋಜಿತರಾದ ಶಿಕ್ಷಕರಿರುತ್ತಾರೆ. ಶಾಲೆಗೆ ಬರಲಾರದಷ್ಟು ಕಷ್ಟವಿರುವ ಮಕ್ಕಳಿಗೆ ಮನೆಯಲ್ಲಿಯೇ ಕಲಿಸುವ ಏರ್ಪಾಡೂ ಇದೆ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಮಾತನಾಡಿರಿ. ಮಾತು ಮತ್ತು ಶ್ರವಣದ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಹೆಚ್ಚಿನ ಮಾನಸಿಕ ಮತ್ತು ನರಸಂಬಂಧಿ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ನಮ್ಮ ರಾಜ್ಯದಲ್ಲಿಯೇ ಇವೆ.

ಗಂಡಂದಿರಿಗೆ ವಿಶೇಷವಾಗಿ ಒಂದು ಮಾತು. ಇಂತಹ ಮಗು ಹುಟ್ಟಿದಾಗ ಹೆತ್ತವಳನ್ನು ದೂರುವ ಪದ್ಧತಿ ಇನ್ನೂ ಹೋಗಿಲ್ಲ. ಗರ್ಭದಲ್ಲಿನ ತೊಂದರೆ, ಹೆರಿಗೆಯ ತೊಂದರೆ, ವಂಶವಾಹಿಗಳ ದೋಷ, ಮೆದುಳು ಜ್ವರ ಹೀಗೆ ಕಾರಣಗಳು ಹಲವು. ಅನೇಕ ಸಲ ಕಾರಣ ತಿಳಿಯುವುದೇ ಇಲ್ಲ. ವಂಶವಾಹಿಗಳು ತಂದೆಯಿಂದಲೂ ಬರುತ್ತವೆ, ತಾಯಿಯಿಂದಲೂ ಬರುತ್ತವೆ. ದೂರುವುದರಿಂದ ಕಾರಣ ತಿಳಿಯದು, ತಪಾಸಣೆಯಿಂದ ತಿಳಿಯಬಹುದು. ಇನ್ನೊಂದು ಮಗು ಬೇಕೆನ್ನುವ ದಂಪತಿಗಳು, ಮುಖ್ಯವಾಗಿ ಸೋದರಮಾವ ಅಥವಾ ಅತ್ತೆಯ ಮಗನೊಡನೆ ಸಂಬಂಧವಾಗಿರುವವರು, ಗರ್ಭ ಧರಿಸುವ ಮೊದಲೇ ಇಬ್ಬರೂ ಒಟ್ಟಿಗೆ ವೈದ್ಯರ ಸಲಹೆ ಪಡೆಯಿರಿ. ಅಲ್ಲಿಯವರೆಗೆ ಹೆರಿಗೆಗಳ ನಡುವೆ ಅಂತರವಿರಿಸುವ ವಿಧಾನವನ್ನು ಅನುಸರಿಸಿರಿ. ಅದರಿಂದ ಈಗಿರುವ ಮಗುವಿಗೆ ನಿಮ್ಮ ಸಮಯವೂ ದೊರೆಯುತ್ತದೆ.

ಕೊನೆಯ ಮಾತು

ಒಂದು ದಿನದ ತೂಕವನ್ನು ನೋಡಿ ಮಗು ಬೆಳೆಯುತ್ತಿದೆಯೋ ಇಲ್ಲವೋ ಎಂದು ಹೇಳಲಾಗದು. ತಿಂಗಳು ತಿಂಗಳೂ ತೂಗಿ, ತಾಯಿ ಕಾರ್ಡಿನ ಗೆರೆಯನ್ನು ನೋಡಿದರೆ ಮಾತ್ರ ತಿಳಿಯುತ್ತದೆ ಎಂಬುದನ್ನು ನೀವೆಲ್ಲರೂ ಬಲ್ಲಿರಿ. ಬುದ್ಧಿಯ ಬೆಳವಣಿಗೆಯೂ ಹಾಗೆಯೇ. ವೈದ್ಯರ ಪರೀಕ್ಷೆ, ಮನಶ್ಶಾಸ್ತ್ರಜ್ಞರ ಅಂಕ, ಶಿಕ್ಷಕರ ಪಟ್ಟಿ, ತಾಯಿಯು ಕೊಟ್ಟಿಗೆಯ ಬಾಗಿಲಲ್ಲಿ ಕಂಡದ್ದು ಇವು ಒಂದನ್ನೊಂದು ಅಳಿಸಿಹಾಕುವುದಿಲ್ಲ. ನಾಲ್ಕನ್ನೂ ಒಂದೆಡೆ ಇಟ್ಟು ನೋಡಿದಾಗ ಮಗು ಕಾಣುತ್ತದೆ.

ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಇಂತಹ ಮಗುವಿದ್ದರೆ, ಪ್ರಮಾಣ ಪತ್ರವನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಡಿ. ಮಗುವನ್ನು ಶಾಲೆಗೆ ಕಳುಹಿಸಿರಿ. ಇಂದು ಸಂಜೆ ಅದರ ಕೈಗೆ ಒಂದು ಸಣ್ಣ ಕೆಲಸವನ್ನು ಕೊಟ್ಟು, ಎಷ್ಟು ಹೆಜ್ಜೆ ತಾನಾಗಿ ಮಾಡುತ್ತದೆಂದು ಪಕ್ಕದಲ್ಲಿ ಕುಳಿತು ನೋಡಿರಿ. ನೋಡಿದ್ದನ್ನು ಮುಂದಿನ ಸಲ ಬಂದಾಗ ನನಗೆ ಹೇಳಿರಿ. ನಾನು ಕೇಳುತ್ತೇನೆ.